ಯಾರೂ ಸಹಿ ಹಾಕದ ಕಡಿತ

ಮಾಸಾಶನ ಅನ್ನೋ ಪದವನ್ನು ನಾವು ಎಷ್ಟು ಸಲ ಕೇಳಿದ್ದೇವೆ ಅಂದರೆ, ಅದನ್ನು ಬಿಡಿಸಿ ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ಮಾಸ ಅಂದರೆ ತಿಂಗಳು. ಅಶನ ಅಂದರೆ ಊಟ. ಒಂದು ತಿಂಗಳ ಊಟ, ಅಷ್ಟೇ. ಪಿಂಚಣಿ, ವೇತನ, ಸಹಾಯಧನ, ನೆರವು ಇವೆಲ್ಲ ಎಷ್ಟು ಬೇಕಾದರೂ ಆಗಬಹುದಾದ ಪದಗಳು. ಮಾಸಾಶನ ಹಾಗಲ್ಲ, ತನ್ನ ಅಳತೆಯನ್ನು ತನ್ನ ಹೆಸರಲ್ಲೇ ಇಟ್ಟುಕೊಂಡಿದೆ. ತಿಂಗಳ ಊಟಕ್ಕೆ ಸಾಲದ ಮೊತ್ತವನ್ನು ಮಾಸಾಶನ ಅಂತ ಕರೆಯುವುದು, ಅರ್ಧ ಸೇರು ಅಳೆದು ಒಂದು ಸೇರು ಅಂದ ಹಾಗೆ.

ಈಗ ಮೊತ್ತ ನೋಡಿ. ಕರ್ನಾಟಕದಲ್ಲಿ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ದಿನಕ್ಕೆ 40. ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟರೆ, ಶಿರಾಡಿ ಘಾಟಿ ಇಳಿಯೋಕೆ ಮುಂಚೆ ನಮ್ಮ ಮಾರನಹಳ್ಳಿ ಸಿಗುತ್ತದೆ. ಅಲ್ಲಿ ಹೈವೇ ಪಕ್ಕದ ಹೋಟೆಲಲ್ಲಿ 40 ರೂಪಾಯಿಗೆ ಒಂದು ಹೊತ್ತಿನ ತಿಂಡಿ ಆದರೆ ಆಯ್ತು. ನಿಜ, ಅಕ್ಕಿ ಬೇರೆ ಬರುತ್ತೆ, ಪಡಿತರದಲ್ಲಿ, ಪುಕ್ಕಟೆ. ಕರೆಂಟ್ ಬಿಲ್ಲಿನ ತಲೆನೋವು ಗೃಹಜ್ಯೋತಿ ಬಂದಮೇಲೆ ಕಡಿಮೆಯಾಗಿದೆ. ಅಜ್ಜಿಯಾದರೆ ಬಸ್ಸೂ ಫ್ರೀ. ಮನೆ ಯಜಮಾನಿಯಾದರೆ ಗೃಹಲಕ್ಷ್ಮಿಯ 2,000 ಬೇರೆ. ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾತಾಡುವುದು ನ್ಯಾಯವಲ್ಲ. ಆದರೆ ಹೆಂಡತಿ ತೀರಿಕೊಂಡ, ರೇಷನ್ ಕಾರ್ಡಲ್ಲಿ ಒಬ್ಬನೇ ಉಳಿದ ಮುದುಕನನ್ನು ಯೋಚಿಸಿ. ಅವನಿಗೆ ಗೃಹಲಕ್ಷ್ಮಿ ಇಲ್ಲ, ಶಕ್ತಿ ಬಸ್ಸಿಲ್ಲ. ಬೇಳೆ, ಎಣ್ಣೆ, ಬಿ.ಪಿ. ಮಾತ್ರೆ, ಸಕಲೇಶಪುರದ ಆಸ್ಪತ್ರೆಗೆ ಹೋಗಿ ಬರುವ ಬಸ್ ಚಾರ್ಜು, ಎಲ್ಲವೂ ಆ 40ರಲ್ಲೇ.

ಕಡಿಮೆ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು, ಅದನ್ನೇ ಮತ್ತೆ ಹೇಳೋಕೆ ಇಷ್ಟು ಬರೆಯಬೇಕಿಲ್ಲ. ನನ್ನ ಪ್ರಶ್ನೆ ಬೇರೆ. ಈ 1,200 ಎಲ್ಲಿಂದ ಬಂತು? 1,150 ಯಾಕಲ್ಲ, 1,430 ಯಾಕಲ್ಲ?

ಇತಿಹಾಸ ಹೀಗಿದೆ. 2007ರಲ್ಲಿ ಸಂಧ್ಯಾ ಸುರಕ್ಷಾ ಶುರುವಾದಾಗ ತಿಂಗಳಿಗೆ 400. ಆಮೇಲೆ ಏರುತ್ತಾ 600ಕ್ಕೆ ಬಂತು. 2018ರಲ್ಲಿ ಕುಮಾರಸ್ವಾಮಿ ಸರ್ಕಾರ 1,000 ಮಾಡಿತು. 2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನವೇ 1,200 ಅಂತ ಘೋಷಿಸಿದರು, ಜೊತೆಗೆ ವಿಧವಾ ವೇತನ 600ರಿಂದ 800 ಆಯ್ತು. ಕೇಂದ್ರದ ಕಥೆ ಇನ್ನೂ ಚಿಕ್ಕದು. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದಾಗ ವೃದ್ಧರಿಗೆ 75 ರೂಪಾಯಿ. 2006ರ ಹೊತ್ತಿಗೆ 200. ವಯಸ್ಸಿನ ಮಿತಿ 2011ರಲ್ಲಿ 65ರಿಂದ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ಆಯ್ತು. ಆದರೆ 60ರಿಂದ 79ರವರಿಗೆ ದಿಲ್ಲಿಯ ಪಾಲು ಅದೇ 200ರಲ್ಲೇ ನಿಂತಿತು. ಅಂದು ಹುಟ್ಟಿದ ಮಗು ಇವತ್ತು ನಿಮ್ಮ ಆಫೀಸಲ್ಲಿ ಇಂಟರ್ನ್ ಆಗಿರಬಹುದು.

ಈ ಯಾವ ಮೊತ್ತದ ಹಿಂದೆಯೂ "ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಔಷಧಿ, ಆದ್ದರಿಂದ ಇಷ್ಟು ರೂಪಾಯಿ" ಅನ್ನೋ ಲೆಕ್ಕ ಜನರ ಕಣ್ಣಿಗೆ ಬೀಳುವುದಿಲ್ಲ. 400, 600, 1,000, 1,200. ಎಲ್ಲ ಗುಂಡು ಸಂಖ್ಯೆಗಳು. ವೇದಿಕೆಯ ಮೇಲೆ ನಿಂತು ಘೋಷಿಸೋಕೆ ಸಲೀಸಾದ ಸಂಖ್ಯೆಗಳು.

*

ಮಾರ್ಚ್-ಏಪ್ರಿಲ್ ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅಪ್ರೈಸಲ್ ಪುರಾಣ ಶುರುವಾಗುತ್ತೆ. ಶೇಕಡ 4 ಹೈಕ್ ಬಂದವನು ಏನಂತಾನೆ? "ಇನ್‌ಫ್ಲೇಶನ್ನೇ ಆರಿದೆ ಗುರು, ಇದು ಹೈಕ್ ಅಲ್ಲ, ಸ್ಯಾಲರಿ ಕಟ್." ಯಾರೂ ಅವನನ್ನು ತಿದ್ದುವುದಿಲ್ಲ, ಯಾಕಂದರೆ ಅವನು ಹೇಳಿದ್ದು ಸರಿ. ಕೈಗೆ ಬರುವ ಸಂಖ್ಯೆ ಬೇರೆ, ಅದು ಕೊಳ್ಳುವ ಸಾಮಾನು ಬೇರೆ ಅನ್ನೋ ವ್ಯತ್ಯಾಸ ನಮಗೆಲ್ಲ ಬಾಯಿಪಾಠ.

ಅದೇ ವ್ಯತ್ಯಾಸವನ್ನು ಮಾಸಾಶನಕ್ಕೆ ಹಚ್ಚಿ ನೋಡಿ. 2021ರ ಜುಲೈಯಿಂದ 2025ರ ಜುಲೈವರೆಗೆ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು ಶೇಕಡ 20ರಷ್ಟು ಏರಿದೆ. ಅಂದರೆ 2025ರ 1,200 ರೂಪಾಯಿ, 2021ರ ಲೆಕ್ಕದಲ್ಲಿ ಸುಮಾರು 1,000. ಬೊಮ್ಮಾಯಿ ಸರ್ಕಾರ ಕೊಟ್ಟ ಆ 200 ರೂಪಾಯಿ ಏರಿಕೆ ನಾಲ್ಕೇ ವರ್ಷದಲ್ಲಿ ಕರಗಿಹೋಯಿತು. ದಿಲ್ಲಿಯ 200 ಅಂತೂ ಕೇಳಲೇಬೇಡಿ, ಅಲ್ಲಿಂದೀಚೆಗೆ ಬೆಲೆ ಸುಮಾರು ಮೂರು ಪಟ್ಟಾಗಿದೆ. ಹೆಸರಿಗೆ ಇನ್ನೂರು, ಬಾಳುವುದು ಅರವತ್ತು-ಎಪ್ಪತ್ತು.

ಇದಕ್ಕಾಗಿ ಯಾರೂ ಒಂದು ಆದೇಶ ಹೊರಡಿಸಲಿಲ್ಲ. ಸಚಿವ ಸಂಪುಟದಲ್ಲಿ ಚರ್ಚೆಯಾಗಲಿಲ್ಲ, ಸದನದಲ್ಲಿ ಗದ್ದಲವಾಗಲಿಲ್ಲ, ಫ್ರೀಡಂ ಪಾರ್ಕಲ್ಲಿ ಅದಕ್ಕಾಗಿ ಧರಣಿ ಕೂರೋಕೆ ಒಂದು ದಿನಾಂಕವೂ ಇಲ್ಲ. "ಇನ್ನುಮುಂದೆ ವೃದ್ಧರಿಗೆ 200 ರೂಪಾಯಿ ಕಡಿಮೆ ಕೊಡುತ್ತೇವೆ" ಅಂತ ಒಂದು ಸರ್ಕಾರ ಹೇಳಿದ್ದರೆ ಎಂಥಾ ರಾದ್ಧಾಂತ ಆಗ್ತಿತ್ತು ಊಹಿಸಿ. ಫಲಿತಾಂಶ ಒಂದೇ ಆದರೂ ಒಂದಕ್ಕೆ ಸಹಿ ಬೇಕು, ಇನ್ನೊಂದಕ್ಕೆ ಸುಮ್ಮನಿದ್ದರೆ ಸಾಕು.

ನೈತಿಕ ಪ್ರಶ್ನೆ ಇಲ್ಲೇ ಇರೋದು. ಸುಮ್ಮನಿದ್ದುದಕ್ಕೆ ಹೊಣೆ ಯಾರು?

ಥಟ್ಟನೆ ಬರುವ ಉತ್ತರ: "ಬೆಲೆ ಏರಿಸಿದ್ದು ಸರ್ಕಾರ ಅಲ್ಲವಲ್ಲ. ಮಳೆ, ಯುದ್ಧ, ಪೆಟ್ರೋಲು, ಮಾರುಕಟ್ಟೆ, ನೂರು ಕಾರಣ. ಕೊಡ್ತೀನಿ ಅಂದಷ್ಟು ಕೊಡ್ತಾ ಇದ್ದಾರೆ. ಮಾತು ತಪ್ಪಿಲ್ಲ." ಈ ವಾದವನ್ನು ತಳ್ಳಿಹಾಕೋಕೆ ಆಗಲ್ಲ. ಮಾಡಿದ್ದಕ್ಕೂ ಮಾಡದೇ ಬಿಟ್ಟಿದ್ದಕ್ಕೂ ಒಂದೇ ತೂಕ ಕೊಟ್ಟರೆ ನಾವ್ಯಾರೂ ರಾತ್ರಿ ಮಲಗೋಕೆ ಆಗಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿ ಹಸಿದವರಿಗೆಲ್ಲ ನಾನು ಊಟ ಕೊಟ್ಟಿಲ್ಲ ಅನ್ನೋದು, ನಾನು ಅವರ ತಟ್ಟೆ ಕಿತ್ತುಕೊಂಡೆ ಅನ್ನೋದಕ್ಕೆ ಸಮ ಅಲ್ಲ.

ಆದರೆ ಸುಮ್ಮನಿರುವುದು ಯಾವಾಗ ಮಾಡಿದ್ದಕ್ಕೆ ಸಮ ಆಗುತ್ತೆ? ನನಗೆ ಮೂರು ಷರತ್ತು ಕಾಣುತ್ತವೆ. ನಷ್ಟ ಆಗ್ತಿದೆ ಅಂತ ಗೊತ್ತಿರಬೇಕು. ತಡೆಯುವ ಶಕ್ತಿ ಇರಬೇಕು. ಮತ್ತು ಇದೇ ನಷ್ಟವನ್ನು ಬೇರೆಯವರಿಗೆ ತಾನೇ ತುಂಬಿಕೊಡುತ್ತಿರಬೇಕು. ಮೂರನೆಯದು ಮುಖ್ಯ. ನೆರೆ ಬಂದಾಗ ದೋಣಿ ಇಲ್ಲದವನು ಯಾರನ್ನೂ ದಾಟಿಸಲಿಲ್ಲ ಅಂದರೆ ಅದು ಅಸಹಾಯಕತೆ. ದೋಣಿ ಇದ್ದು ಕೆಲವರನ್ನು ಮಾತ್ರ ದಾಟಿಸಿದರೆ, ದಡದಲ್ಲಿ ಉಳಿದವರನ್ನು ಅವನು ಆಯ್ಕೆ ಮಾಡಿ ಉಳಿಸಿದ ಹಾಗೆ.

ಸರ್ಕಾರದ ಹತ್ತಿರ ದೋಣಿ ಇದೆ, ಅದರ ಹೆಸರು ತುಟ್ಟಿಭತ್ಯೆ. ಕೇಂದ್ರ ಸರ್ಕಾರಿ ನೌಕರರಿಗೆ ಬೆಲೆ ಸೂಚ್ಯಂಕ ನೋಡಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಗೆ ಅನ್ವಯವಾಗುವಂತೆ ಅದು ಏರುತ್ತದೆ. ರಾಜ್ಯದ ನೌಕರರಿಗೂ, ಅವರಲ್ಲಿ ನಿವೃತ್ತಿ ಪಿಂಚಣಿ ಪಡೆಯುವವರಿಗೂ ಅದೇ ಜಾಡು. ಇದು ತಪ್ಪಲ್ಲ, ಹಾಗೇ ಇರಬೇಕು. ನಮ್ಮ ಕಾಫಿ ತೋಟದ ಕೂಲಿಗೂ ಈ ದೋಣಿ ಇದೆ. ಕರ್ನಾಟಕದಲ್ಲಿ ತೋಟದ ಕಾರ್ಮಿಕರ ಕನಿಷ್ಠ ವೇತನದಲ್ಲಿ ಒಂದು ಭಾಗ ಸೂಚ್ಯಂಕಕ್ಕೆ ಕಟ್ಟಿದ ತುಟ್ಟಿಭತ್ಯೆ, ಪ್ರತಿ ಏಪ್ರಿಲ್‌ನಲ್ಲಿ ಅದು ಬದಲಾಗುತ್ತದೆ.

ಇದನ್ನು ಒಬ್ಬ ಮನುಷ್ಯನ ಆಯುಷ್ಯದ ಮೇಲೆ ಇಟ್ಟು ನೋಡಿ. ಲೈನ್ ಮನೆಯಲ್ಲಿದ್ದುಕೊಂಡು ಮೇಸ್ತ್ರಿ ಹೇಳಿದ ಕಡೆ ಗುಂಡಿ ತೆಗೆದು, ಮರಗಸಿ ಮಾಡಿ, ಹಣ್ಣು ಕುಯ್ಯುವವರೆಗೂ ಕಾನೂನಿನ ಪ್ರಕಾರ ಅವನ ಕೂಲಿ ಬೆಲೆಯ ಜೊತೆ ಏರಬೇಕು. ಸೊಂಟ ಬಿದ್ದು, ಕೈ ನಡುಗಿ, ಇನ್ನು ಆಗಲ್ಲ ಅಂತ ಕೂತ ತಿಂಗಳಿಂದ ಸೂಚ್ಯಂಕ ಅವನನ್ನು ಬಿಟ್ಟು ಹೋಗುತ್ತದೆ. ಬೇಳೆಯ ಬೆಲೆ ದುಡಿಯುವವನಿಗೆ ಮಾತ್ರ ಏರುತ್ತಾ? ತೂಕದ ಬಟ್ಟು ಸವೆದಿದೆ ಅಂತ ಗೊತ್ತಿದ್ದೂ ಒಬ್ಬ ಗಿರಾಕಿಗೆ ಹೊಸ ಬಟ್ಟು, ಇನ್ನೊಬ್ಬನಿಗೆ ಸವೆದ ಬಟ್ಟು ಇಡುವ ಅಂಗಡಿಯವನು, "ಬಟ್ಟು ಸವೆಸಿದ್ದು ನಾನಲ್ಲ" ಅಂದರೆ ನಾವು ಒಪ್ತೀವಾ?

*

ಹಾಗಾದರೆ ಮೊತ್ತ ಏರುವುದು ಯಾವಾಗ? ಇದಕ್ಕೆ ನಮ್ಮ ಬೆಟ್ಟಗಳಲ್ಲೇ ಒಂದು ಉತ್ತರವಿದೆ.

ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಅನ್ನೋದು ದಿನದ ಮಾತು. ಬೆಳಗ್ಗೆ ತೋಟಕ್ಕೆ ಹೊರಟವರು ವಾಪಸ್ ಬಾರದೇ ಇರುವುದುಂಟು. ಹಾಗೆ ಒಂದು ಸಾವಾದಾಗಲೆಲ್ಲ ಊರು ರಸ್ತೆಗೆ ಬರುತ್ತದೆ. ಅಧಿಕಾರಿಗಳು ಬರಬೇಕು, ಸಚಿವರು ಬರಬೇಕು, ಅಲ್ಲಿವರೆಗೆ ಹೆಣ ಎತ್ತಲ್ಲ ಅಂತ ಕೂರುತ್ತಾರೆ. ವನ್ಯಜೀವಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರ ಕೆಲವೇ ವರ್ಷಗಳಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ, 2025ರ ರಾಜ್ಯ ಬಜೆಟ್‌ನಲ್ಲಿ 20 ಲಕ್ಷಕ್ಕೆ ಏರಿತು. ಅದು ಬೇಕಾಗಿತ್ತು, ಅದರ ಬಗ್ಗೆ ನನಗೆ ತಕರಾರಿಲ್ಲ.

ಆದರೆ ವ್ಯತ್ಯಾಸ ಗಮನಿಸಿ. ಆನೆ ದಾಳಿಗೆ ಒಂದು ದಿನ ಇದೆ, ಜಾಗ ಇದೆ, ಫೋಟೋ ಇದೆ. ಬೇಳೆಯ ಬೆಲೆ ಒಬ್ಬ ಮುದುಕನನ್ನು ತುಳಿಯುವುದಕ್ಕೆ ದಿನವೂ ಇಲ್ಲ, ಫೋಟೋನೂ ಇಲ್ಲ. ಮೊದಲು ಮೀನು ಬಿಡ್ತಾನೆ, ಆಮೇಲೆ ಬೇಳೆ ನೀರಾಗುತ್ತದೆ, ಆಮೇಲೆ ಮಾತ್ರೆ ದಿನ ಬಿಟ್ಟು ದಿನ ಆಗುತ್ತದೆ. ಯಾವ ದಿನ ರಸ್ತೆ ತಡೆಯಬೇಕು? ಘಟನೆ ಇಲ್ಲದ ನೋವಿಗೆ ನಮ್ಮ ಪ್ರಜಾಪ್ರಭುತ್ವದಲ್ಲಿ ಅರ್ಜಿ ಫಾರಂ ಇಲ್ಲ.

ಇನ್ನೊಂದು ಉದಾಹರಣೆ. ಅದೇ 2025ರ ಬಜೆಟ್‌ನಲ್ಲಿ ನಿವೃತ್ತ ಪತ್ರಕರ್ತರ ಮಾಸಾಶನ 12,000ದಿಂದ 15,000 ಆಯ್ತು. ಪದ ಅದೇ, ಮಾಸಾಶನ. ಪತ್ರಕರ್ತರಿಗೆ ಅದು ಸಲ್ಲಬಾರದು ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ತಿಂಗಳ ಊಟಕ್ಕೆ ಎಷ್ಟು ಬೇಕು ಅಂತ ಅಂದಾಜು ಮಾಡೋಕೆ ಸರ್ಕಾರಕ್ಕೆ ಬರುತ್ತದೆ, ಕೇಳುವ ಸಂಘ ಇದ್ದರೆ ಸಾಕು ಅನ್ನೋದಕ್ಕೆ ಇದು ಸಾಕ್ಷಿ. ಮಾರನಹಳ್ಳಿಯ ಮುದುಕರಿಗೆ ಸಂಘ ಇಲ್ಲ. ಅದಕ್ಕೇ ಅವರಿಗೆ ಸೂತ್ರ ಬೇಕು. ಕೂಗುವ ಗಂಟಲು ಇಲ್ಲದವರ ಪರವಾಗಿ ಕೂಗುವ ಕೆಲಸವನ್ನು ಬರೆದಿಟ್ಟ ನಿಯಮವೇ ಮಾಡಬೇಕು.

*

ಸುಮ್ಮನಿದ್ದು ಕಡಿಮೆ ಮಾಡುವುದು ಒಂದು ದಾರಿ. ಮಿತಿಯನ್ನು ಅಲುಗಾಡಿಸದೇ ಬಿಡುವುದು ಎರಡನೇ ದಾರಿ.

ಈ ಮಾಸಾಶನಕ್ಕೆ ಅರ್ಜಿ ಹಾಕಬೇಕಾದರೆ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರಬೇಕು. 32,000 ಅಂದರೆ ದಿನಕ್ಕೆ ಸುಮಾರು 88 ರೂಪಾಯಿ. ಈಗ ಇನ್ನೊಂದು ಸರ್ಕಾರಿ ಸಂಖ್ಯೆ ಪಕ್ಕದಲ್ಲಿಡಿ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349. ಕಾನೂನು ಖಾತರಿ ಕೊಟ್ಟ ನೂರು ದಿನದ ಕೆಲಸ ಪೂರ್ತಿ ಮಾಡಿದರೆ 34,900. ಅಂದರೆ, "ನೀನು ಬಡವ, ಅದಕ್ಕೆ ನಿನಗೆ ನೂರು ದಿನ ಕೆಲಸ" ಅಂತ ಒಂದು ಇಲಾಖೆ ಹೇಳಿದ್ದನ್ನು ಪೂರ್ತಿ ನಂಬಿ ದುಡಿದರೆ, ಇನ್ನೊಂದು ಇಲಾಖೆಯ ಲೆಕ್ಕದಲ್ಲಿ ನೀನು ಬಡವನೇ ಅಲ್ಲ. ಕಾಗದದ ಮೇಲೆ ಸುಳ್ಳು ಹೇಳದೆ ಇದನ್ನು ದಾಟೋಕೆ ಆಗಲ್ಲ. ಬಡವರು ಸುಳ್ಳು ಆದಾಯ ತೋರಿಸುತ್ತಾರೆ ಅಂತ ನಾವು ಬೈಯುತ್ತೇವೆ. ನಿಜ ಹೇಳಿದರೆ ಊಟ ತಪ್ಪುವ ಹಾಗೆ ಮಿತಿ ಹಾಕಿ, ಆಮೇಲೆ ಸತ್ಯವಂತಿಕೆಯ ಪಾಠ ಮಾಡುವವರನ್ನು ಏನನ್ನೋಣ?

ಮೂರನೇ ದಾರಿ ಪರಿಶೀಲನೆ. ಆಧಾರ್ ಹೆಸರಲ್ಲೊಂದು ಅಕ್ಷರ ಹೆಚ್ಚು ಕಮ್ಮಿ, ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ, ವರ್ಷಾನುಗಟ್ಟಲೆ ಕತ್ತಿ ಗುದ್ದಲಿ ಹಿಡಿದ ಬೆರಳಲ್ಲಿ ಗೆರೆ ಸವೆದು ಬಯೋಮೆಟ್ರಿಕ್ ಹಿಡಿಯಲ್ಲ. ದುಡ್ಡು ನಿಂತಿತು. ನಿಲ್ಲಿಸಿದವರು ಯಾರು ಅಂದರೆ, "ಸಿಸ್ಟಮ್ ನಿಲ್ಸಿದೆ." ಅನರ್ಹರನ್ನು ಹುಡುಕಬಾರದು ಅಂತಲ್ಲ. ಸತ್ತವರ ಹೆಸರಲ್ಲಿ ದುಡ್ಡು ಹೋಗುವುದು ಬದುಕಿದ್ದವರಿಗೆ ಮಾಡುವ ಮೋಸ. ಆದರೆ ಅನುಮಾನ ಬಂದ ಕೂಡಲೇ ಊಟ ನಿಲ್ಲಿಸಿ ಆಮೇಲೆ ವಿಚಾರಣೆ ಅನ್ನೋದು, ವಿಚಾರಣೆಗೆ ಮುಂಚೆಯೇ ಶಿಕ್ಷೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗತೊಡಗಿದಾಗ ರಾಜ್ಯದಲ್ಲಿ ಎಷ್ಟು ಗಲಾಟೆಯಾಯಿತು, ಸರ್ಕಾರ ಹೇಗೆ ಹಿಂದೆ ಸರಿಯಿತು ನೆನಪಿರಬಹುದು. ಅಲ್ಲಿ ಸಂಖ್ಯೆ ದೊಡ್ಡದಿತ್ತು, ಸದ್ದು ಬಂತು. ಒಬ್ಬೊಬ್ಬರದಾಗಿ ನಿಲ್ಲುವ ಮಾಸಾಶನಕ್ಕೆ ಆ ಸದ್ದು ಇರುವುದಿಲ್ಲ.

*

"ಇಷ್ಟೆಲ್ಲ ಕೊಟ್ಟರೆ ಜನ ಸೋಮಾರಿ ಆಗ್ತಾರೆ" ಅನ್ನೋ ಮಾತು ಈ ಚರ್ಚೆಯಲ್ಲಿ ಬರದೇ ಇರಲ್ಲ. ಎಪ್ಪತ್ತು ದಾಟಿದವರ ವಿಷಯದಲ್ಲಿ ಈ ಮಾತಿಗೆ ಅರ್ಥವೇ ಇಲ್ಲ, ಆದರೂ ಇದರ ವಯಸ್ಸು ತಿಳಿದಿರೋದು ಒಳ್ಳೇದು. ನಮ್ಮ ಅಜ್ಜಂದಿರು ಧಾತು-ಈಶ್ವರ ಬರ ಅಂತ ಹೇಳ್ತಿದ್ದರಲ್ಲ, 1876ರಿಂದ 78ರದ್ದು, ಮೈಸೂರು ಸಂಸ್ಥಾನವನ್ನೇ ಅಲ್ಲಾಡಿಸಿದ ಬರ, ಆಗಲೂ ಇದೇ ಮಾತು ಇತ್ತು.

ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ 1873-74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿದ. ಸತ್ತವರು ತೀರಾ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುವೆಚ್ಚ ಮಾಡಿದ ಅನ್ನೋ ಟೀಕೆ. ಮುಂದಿನ ಬರಕ್ಕೆ ಅವನನ್ನೇ ದಕ್ಷಿಣಕ್ಕೆ ಕಳಿಸಿದಾಗ ಪಾಠ ಕಲಿತಿದ್ದ. 1877ರ ಜನವರಿಯಲ್ಲಿ ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಒಂದು ಆಣೆ ಅಂತ ಇಳಿಸಿದ. ಹೆಚ್ಚು ಕೊಟ್ಟರೆ ಜನ ಸರ್ಕಾರಕ್ಕೆ ಜೋತುಬೀಳುತ್ತಾರೆ ಅನ್ನೋದು ಕಾರಣ. ಮದರಾಸಿನ ನೈರ್ಮಲ್ಯ ಆಯುಕ್ತರಾಗಿದ್ದ ಡಾಕ್ಟರ್ ಕಾರ್ನಿಷ್, ದುಡಿಯುವ ದೇಹಕ್ಕೆ ಇದು ಸಾಲಲ್ಲ, ಇಷ್ಟು ಧಾನ್ಯ ಬೇಕು, ಬೇಳೆ ಬೇಕು, ತರಕಾರಿ ಬೇಕು ಅಂತ ವಾದಿಸಿದರು. ಕೆಲವು ತಿಂಗಳಲ್ಲಿ ಅಳತೆಯನ್ನು ಸ್ವಲ್ಪ ಏರಿಸಬೇಕಾಯಿತು. ಆ ಅಳತೆಗೆ ಇತಿಹಾಸದಲ್ಲಿ ಇವತ್ತಿಗೂ "ಟೆಂಪಲ್ ಕೂಲಿ" ಅಂತಲೇ ಹೆಸರು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಟೆಂಪಲ್‌ನ ಕ್ರೌರ್ಯಕ್ಕಿಂತ ಕಾರ್ನಿಷ್ ಅವರ ವಾದದ ರೀತಿ. ಅವರು ದಯೆ ತೋರಿಸಿ ಅಂತ ಕೇಳಲಿಲ್ಲ. ದೇಹ ಇಷ್ಟು ಕೇಳುತ್ತದೆ, ನೀವು ಇಷ್ಟು ಕೊಡುತ್ತಿದ್ದೀರಿ, ಲೆಕ್ಕ ತಾಳೆಯಾಗುತ್ತಿಲ್ಲ ಅಂದರು. ಕೊಡುವವನ ಭಯದಿಂದ ಹುಟ್ಟಿದ ಸಂಖ್ಯೆಯ ಎದುರು ತಿನ್ನುವವನ ದೇಹದಿಂದ ಹುಟ್ಟಿದ ಸಂಖ್ಯೆ ಇಟ್ಟರು. ಎರಡು ಸಂಖ್ಯೆ ಎದುರುಬದುರು ಇದ್ದಾಗ ಮಾತ್ರ ವಾದ ಸಾಧ್ಯ. 1,200ರ ಎದುರು ಇವತ್ತು ಯಾವ ಸಂಖ್ಯೆಯೂ ಇಲ್ಲ.

ಹಾಗೆ ಅಳತೆಯಿಂದ ಶುರುಮಾಡುವುದು ಹೊಸ ಐಡಿಯಾ ಏನಲ್ಲ. 1795ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಸ್ಪೀನ್‌ಹ್ಯಾಮ್‌ಲ್ಯಾಂಡ್ ಅನ್ನೋ ಕಡೆ ಸೇರಿದ ಮ್ಯಾಜಿಸ್ಟ್ರೇಟುಗಳು, ಬಡವರ ನೆರವನ್ನು ಬ್ರೆಡ್ಡಿನ ಬೆಲೆಗೆ ಕಟ್ಟಿದ್ದರು. ಬ್ರೆಡ್ ಏರಿದರೆ ನೆರವೂ ಏರಬೇಕು. ಆ ಪದ್ಧತಿ ಕೂಲಿ ಇಳಿಸೋಕೆ ಧಣಿಗಳಿಗೆ ನೆಪವಾಯಿತು ಅಂತ ಬಹಳ ಜಗಳ ನಡೆದಿದೆ, 1834ರ ಕಾನೂನು ಅದನ್ನು ಗುಡಿಸಿಹಾಕಿತು. ದುಡಿಯುವವರ ವಿಷಯದಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ದುಡಿಯಲಾಗದ ಮುದುಕರಿಗೆ ಅದರಲ್ಲಿ ಏನೂ ಅನ್ವಯಿಸುವುದಿಲ್ಲ.

*

ಈಗ ನಿಜಕ್ಕೂ ಗಟ್ಟಿಯಾದ ಆಕ್ಷೇಪ: ದುಡ್ಡೆಲ್ಲಿದೆ? ನಮ್ಮ ಟ್ಯಾಕ್ಸ್ ದುಡ್ಡು ಎಷ್ಟಕ್ಕೆ ಅಂತ ಸಾಲುತ್ತೆ?

ಇದನ್ನು ಕೇಳುವವರನ್ನು ಕಲ್ಲುಹೃದಯದವರು ಅಂತ ಕರೆಯುವುದು ಸುಲಭ, ಸರಿಯಲ್ಲ. ಸಂವಿಧಾನದ 41ನೇ ವಿಧಿ ವೃದ್ಧಾಪ್ಯದಲ್ಲಿ, ಕಾಯಿಲೆಯಲ್ಲಿ ಸಾರ್ವಜನಿಕ ನೆರವಿನ ಮಾತಾಡುವಾಗ, ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಅಂತ ತಾನೇ ಹೇಳಿದೆ. ಮಿತಿ ಇದೆ, ಒಪ್ಪೋಣ. ಆದರೆ ಮಿತಿ ಇದೆ ಅನ್ನುವವರು ಮಿತಿಯನ್ನು ತೋರಿಸಬೇಕು. 2025-26ರ ರಾಜ್ಯ ಬಜೆಟ್ 4 ಲಕ್ಷ ಕೋಟಿ ದಾಟಿದೆ, ಅದರಲ್ಲಿ ಗ್ಯಾರಂಟಿಗಳಿಗೆ 51 ಸಾವಿರ ಕೋಟಿ. ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟದ ಬಹುತೇಕ ಮನೆಗಳಿಗೆಲ್ಲ 2,000 ಕೊಡೋಕೆ ಆಗುತ್ತೆ ಅಂದರೆ, ಒಂಟಿ ಮುದುಕನ 1,200ಕ್ಕೆ ವರ್ಷಕ್ಕಿಷ್ಟು ಅಂತ ಬೆಲೆ ಏರಿಕೆ ಸೇರಿಸೋಕೆ ಆಗಲ್ಲ ಅನ್ನೋದು ಸಾಮರ್ಥ್ಯದ ಮಾತಲ್ಲ, ಆದ್ಯತೆಯ ಮಾತು. ಗೃಹಲಕ್ಷ್ಮಿ ಬೇಡ ಅಂತಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕಾರಣ ಹೇಳಿ ಅಂತಿದ್ದೇನೆ.

ಬೇರೆ ರಾಜ್ಯಗಳು ಬೇರೆ ಬೇರೆ ಕಡೆ ಗೆರೆ ಎಳೆದಿವೆ. ಕೇರಳದಲ್ಲಿ ಕಲ್ಯಾಣ ಪಿಂಚಣಿ 2021ರಿಂದ 1,600 ಇದ್ದು, 2025ರ ನವೆಂಬರ್‌ನಿಂದ 2,000 ಆಯ್ತು. ಆಂಧ್ರದಲ್ಲಿ 2024ರ ಜುಲೈಯಿಂದ ವೃದ್ಧರಿಗೆ 4,000. ಇವೂ ಚುನಾವಣೆಯ ಬಿಸಿಯಲ್ಲಿ ಬೆಂದ ಗುಂಡು ಸಂಖ್ಯೆಗಳೇ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ರಾಜಸ್ಥಾನ. 2023ರಲ್ಲಿ ಅಲ್ಲಿ ಕನಿಷ್ಠ ಆದಾಯ ಖಾತರಿ ಕಾನೂನು ಬಂತು. ಪಿಂಚಣಿ ಕನಿಷ್ಠ 1,000, ಮತ್ತು ವರ್ಷಕ್ಕೆ ಶೇಕಡ 15 ಏರಿಕೆ, ಜುಲೈಯಲ್ಲಿ 5, ಜನವರಿಯಲ್ಲಿ 10 ಅಂತ ಕಾನೂನಿನಲ್ಲೇ ಬರೆದರು. ಆಗ ಬರೆದ ಮೊತ್ತ ನಮ್ಮದಕ್ಕಿಂತ ಕಡಿಮೆ ಇತ್ತು. ಆದರೆ ಆ ಸಾಲು ಬರೆದ ಕ್ಷಣದಿಂದ ಸುಮ್ಮನಿರುವುದಕ್ಕೂ ಒಂದು ಹೆಸರು ಬಂತು: ಉಲ್ಲಂಘನೆ. ಬರೆದದ್ದೆಲ್ಲ ನಡೆದೇ ನಡೆಯುತ್ತದೆ ಅಂತ ಯಾರೂ ನಂಬಬೇಕಿಲ್ಲ. ನಡೆಯದಿದ್ದಾಗ ಬೊಟ್ಟು ಮಾಡಿ ತೋರಿಸೋಕೆ ಒಂದು ಜಾಗ ಸಿಗುತ್ತದೆ, ಅಷ್ಟು ಸಾಕು.

ಸೂತ್ರ ಅಂದರೆ ಸರ್ಕಾರಗಳಿಗೆ ಯಾಕೆ ಇಷ್ಟವಿಲ್ಲ ಅನ್ನೋದೂ ಅರ್ಥವಾಗುತ್ತದೆ. ಖಜಾನೆಯ ಕೈ ಕಟ್ಟುತ್ತದೆ ಅನ್ನೋದು ಒಂದು. ಇನ್ನೊಂದು, ಸೂತ್ರಕ್ಕೆ ಕಟೌಟ್ ಇಲ್ಲ. ಮೂರು ವರ್ಷ ಏನೂ ಮಾಡದೆ ನಾಲ್ಕನೇ ವರ್ಷ 200 ಏರಿಸಿದರೆ ಪೇಪರಲ್ಲಿ ಫುಲ್ ಪೇಜ್ ಜಾಹೀರಾತು ಕೊಡಬಹುದು. ಪ್ರತಿ ಏಪ್ರಿಲ್‌ನಲ್ಲಿ ತಾನಾಗಿಯೇ 47 ರೂಪಾಯಿ, 52 ರೂಪಾಯಿ ಏರಿದರೆ ಯಾರಿಗೆ ಕೃತಜ್ಞತೆ ಹೇಳೋದು? ಬೇರೆ ಥರ ಹೇಳಬೇಕೆಂದರೆ, ಮೊದಲು ಸವೆಯೋಕೆ ಬಿಟ್ಟು, ಸವೆದದ್ದನ್ನು ಆಮೇಲೆ ಉಡುಗೊರೆಯಾಗಿ ಕೊಡುವ ಅವಕಾಶ ಸೂತ್ರದಿಂದ ತಪ್ಪಿಹೋಗುತ್ತದೆ.

*

ಮಾರನಹಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಅಜ್ಜ ಒಬ್ಬರಿಗೆ ಈ ಮಾಸಾಶನ ಬರುತ್ತದೆ. ಜೀವನವಿಡೀ ತೋಟದ ಕೂಲಿ. ದಿನಗೂಲಿ ಆದ್ದರಿಂದ ಪಿ.ಎಫ್. ಅನ್ನೋದು ಅವರ ಬದುಕಲ್ಲಿ ಬರಲೇ ಇಲ್ಲ. "ಈ ದುಡ್ಡು ಇಷ್ಟೇ ಅಂತ ಹೆಂಗೆ ಲೆಕ್ಕ ಹಾಕ್ತಾರೆ ಅಂತ ಯಾವತ್ತಾದ್ರೂ ಕೇಳಿದ್ದೀರಾ ಅಜ್ಜ?" ಅಂದೆ. ಅವರಿಗೆ ನಗು ಬಂತು. "ಕೇಳಕ್ಕೆ ನಾನೇನು ಅವರ ತೋಟದಲ್ಲಿ ಕೆಲ್ಸ ಮಾಡ್ತಿದೀನಾ ಮಗ? ಕೊಟ್ರೆ ಇಸ್ಕೊಳದು."

ಆ ಮಾತಿನಲ್ಲಿ ಒಂದು ಇಡೀ ತತ್ತ್ವಶಾಸ್ತ್ರ ಇದೆ. ದುಡಿದವನಿಗೆ ಲೆಕ್ಕ ಕೇಳುವ ಹಕ್ಕು, ಪಡೆಯುವವನಿಗೆ ಇಸ್ಕೊಳ್ಳುವ ಕರ್ತವ್ಯ. ತೋಟದಲ್ಲಿದ್ದಾಗ ಇದೇ ಅಜ್ಜ ಶನಿವಾರ ಬಟವಾಡೆ ದಿನ ರೈಟರ ಹತ್ತಿರ ಅರ್ಧ ದಿನದ ಹಾಜರಿ ಬಿಟ್ಟುಹೋಗಿದ್ದಕ್ಕೂ ಜಗಳ ತೆಗೆದವರು. ಲೆಕ್ಕ ಬರದೇ ಇರೋ ಮನುಷ್ಯ ಅಲ್ಲ ಅವರು. ಇಲ್ಲಿ ಲೆಕ್ಕ ಕೇಳಬಾರದು ಅಂತ ಅವರಿಗೆ ನಾವೇ ಕಲಿಸಿದ್ದೇವೆ.

ದಾನಕ್ಕೂ ಹಕ್ಕಿಗೂ ವ್ಯತ್ಯಾಸ ಮೊತ್ತದಲ್ಲಿ ಇರುವುದಿಲ್ಲ. ದಾನ ಧಾರಾಳವಾಗಿರಬಹುದು, ಹಕ್ಕು ಜುಜುಬಿಯಾಗಿರಬಹುದು. ವ್ಯತ್ಯಾಸ ಇರುವುದು "ಯಾಕೆ ಇಷ್ಟು?" ಅಂತ ಕೇಳಿದಾಗ ಸಿಗುವ ಉತ್ತರದಲ್ಲಿ. ದಾನ ಕೊಟ್ಟವನು "ನನ್ನ ಇಷ್ಟ" ಅನ್ನಬಹುದು. ಹಕ್ಕು ಸಲ್ಲಿಸುವವನು ಲೆಕ್ಕ ತೋರಿಸಬೇಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಪ್ರಕರಣದಲ್ಲಿ ಕೊಟ್ಟ ಆದೇಶದಿಂದ ವೃದ್ಧಾಪ್ಯ ಪಿಂಚಣಿಯೂ ಸೇರಿ ಹಲವು ಯೋಜನೆಗಳು ಕಾನೂನಿನ ಕಣ್ಣಲ್ಲಿ ಹಕ್ಕಿನ ಸ್ಥಾನ ಪಡೆದವು. ಕೊಡಲೇಬೇಕು ಅನ್ನೋದು ಅಲ್ಲಿಗೆ ತೀರ್ಮಾನವಾಯಿತು. ಎಷ್ಟು, ಯಾಕೆ ಅಷ್ಟು ಅನ್ನೋದು ಹಾಗೇ ಉಳಿಯಿತು. ಮಾಸಾಶನ ಅರ್ಧ ಹಕ್ಕು, ಅರ್ಧ ದಾನವಾಗಿ ನಿಂತಿರುವುದು ಅದಕ್ಕೇ. ಅರುಣಾ ರಾಯ್, ಬಾಬಾ ಆಢಾವ್ ಅವರ ಪಿಂಚಣಿ ಪರಿಷತ್ ಕನಿಷ್ಠ ವೇತನದ ಅರ್ಧದಷ್ಟಾದರೂ ಪಿಂಚಣಿ ಕೊಡಿ ಅಂತ ಕೇಳುತ್ತಾ ಬಂದಿದೆ. ಅರ್ಧ ಅನ್ನೋದನ್ನು ನೀವು ಒಪ್ಪದೇ ಇರಬಹುದು. ಆದರೆ ಅದು ಒಂದು ಲೆಕ್ಕ, ಅದರ ಜೊತೆ ವಾದ ಮಾಡಬಹುದು. "ಘೋಷಣೆ"ಯ ಜೊತೆ ವಾದ ಮಾಡೋಕೆ ಆಗಲ್ಲ, ಚಪ್ಪಾಳೆ ತಟ್ಟಬಹುದು ಅಷ್ಟೇ.

ಹಾಗಾಗಿ ನಾನು ಕೇಳುವುದು ದೊಡ್ಡ ಮೊತ್ತವನ್ನಲ್ಲ, ಮೊದಲು ಎರಡು ಸಾಲು. ಮಾಸಾಶನದ ಆದೇಶದಲ್ಲಿ, ಈ ಮೊತ್ತಕ್ಕೆ ಏನೇನು ಲೆಕ್ಕ ಹಿಡಿದಿದ್ದೇವೆ ಅನ್ನೋ ಒಂದು ಸಾಲು. ತೋಟದ ಕೂಲಿಯ ತುಟ್ಟಿಭತ್ಯೆ ಬದಲಾಗುವ ಅದೇ ಏಪ್ರಿಲ್‌ನಲ್ಲಿ, ಅದೇ ಸೂಚ್ಯಂಕದ ಪ್ರಕಾರ, ಈ ಮೊತ್ತವೂ ಆದಾಯದ ಮಿತಿಯೂ ಬದಲಾಗುತ್ತವೆ ಅನ್ನೋ ಇನ್ನೊಂದು ಸಾಲು. ಖಜಾನೆ ಬರಿದಾಗಿ ಒಂದು ವರ್ಷ ಏರಿಸೋಕೆ ಆಗಲಿಲ್ಲವಾ, ಆಗಲ್ಲ ಅಂತ ಬರೆದು, ಕಾರಣ ಕೊಟ್ಟು, ಕೆಳಗೆ ಒಬ್ಬರು ಸಹಿ ಹಾಕಲಿ. ಕಡಿತ ಮಾಡಲೇಬೇಕಾದ ದಿನಗಳು ಯಾವ ಸರ್ಕಾರಕ್ಕೂ ಬರಬಹುದು. ಆ ದಿನ ಯಾರು ಕಡಿದರು, ಯಾಕೆ ಕಡಿದರು ಅಂತ ಆ ಅಜ್ಜನಿಗೆ ಗೊತ್ತಾಗಬೇಕು. ಅರ್ಧ ದಿನದ ಹಾಜರಿಗೆ ಜಗಳ ತೆಗೆದವರಿಗೆ ಇದನ್ನು ಕೇಳೋದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.